ಸೇವಂತಿಗೆಗೆ ಕತ್ತಲೆ ಕೊಟ್ಟಿದ್ದು

ಟೆಕ್ಸಸ್‌ನ ಲಿಟಲ್ ಎಲ್ಮ್ ಊರಲ್ಲಿ ನಮ್ಮ ಹಿತ್ತಲು ಆ ವರ್ಷ ಚಂದ್ರನ ಮೇಲಿಂದ ನೋಡಿದ್ರೂ ಕಾಣ್ತಿತ್ತು. ಗಣೇಶನ ಹಬ್ಬಕ್ಕೆ ಹಾಕಿದ ಸೀರಿಯಲ್ ಲೈಟು ದೀಪಾವಳಿ ಮುಗಿಯೋವರೆಗೂ ಬಿಚ್ಚಲ್ಲ ಅನ್ನೋದು ಅಪ್ಪನ ಪಾಲಿಸಿ. ರಾತ್ರಿಯಿಡೀ ಉರೀತಿತ್ತು. ಅದರ ಕೆಳಗೇ ಅಮ್ಮನ ಸೇವಂತಿಗೆ ಕುಂಡ.

ಅಕ್ಟೋಬರ್ ಬಂತು. ಪಕ್ಕದ ಮನೆ ಸೇವಂತಿಗೆ ಮೊಗ್ಗು ಬಿಟ್ಟು ಮೆರೀತಿತ್ತು. ನಮ್ಮದು ಬರೀ ಎಲೆ. ಎಷ್ಟು ಎಲೆ ಅಂದ್ರೆ, ಇಡೀ ಬೀದಿಗೆ ಸೊಪ್ಪಿನ ಸಾರು ಮಾಡ್ಬಹುದಿತ್ತು. ಅಮ್ಮ ಅಕ್ಕಿ ತೊಳೆದ ನೀರು ಹಾಕಿದ್ಲು, ದೃಷ್ಟಿ ತೆಗೆದ್ಲು. ಗಿಡ ಇನ್ನೂ ದಪ್ಪ ಆಯ್ತು.

"ದೀಪಾವಳಿಗೆ ಮೊಗ್ಗು ಬರ್ಲಿಲ್ಲ ಅಂದ್ರೆ ಕಿತ್ತು ಮೆಣಸಿನಗಿಡ ಹಾಕ್ತೀನಿ" ಅಂದ್ರು ಅಪ್ಪ.

ಅಮ್ಮ ಒಳಗೆ ಹೋದ್ಲು. ಲಕ್ಷ್ಮಿಗೆ ಮನೆ ಹೂವೇ ಮುಡಿಸ್ಬೇಕು ಅಂತ ಟೆಕ್ಸಸ್ ಬಿಸಿಲಲ್ಲಿ ಛತ್ರಿ ಹಿಡಿದು ಸಾಕಿದ ಗಿಡ ಅದು. ನನಗೂ ಅಷ್ಟು ಛತ್ರಿ ಹಿಡಿದಿಲ್ಲ.

"ತಪ್ಪು ಗಿಡದ್ದಲ್ಲ, ನಿಮ್ಮ ಲೈಟಿಂದು" ಅಂದೆ. "ಸೇವಂತಿಗೆ ಎಲೆಯಿಂದಾನೇ ರಾತ್ರಿ ಎಷ್ಟು ಉದ್ದ ಅಂತ ಅಳೆಯುತ್ತೆ. ಕತ್ತಲೆ ಉದ್ದ ಆದ್ರೇನೇ ಮೊಗ್ಗು. ನಮ್ಮನೇಲಿ ಅದಕ್ಕಿನ್ನೂ ಚಿಕ್ಕ ರಾತ್ರಿಯ ಜೂನ್ ತಿಂಗಳು."

"ಗಿಡಕ್ಕೆ ನಿದ್ದೆ ಬೇಕಂತೆ. ಮೊದಲು ನೀನು ಫೋನ್ ಇಟ್ಟು ಮಲ್ಕೋ. ಲೈಟ್ ಆಫ್ ಮಾಡಲ್ಲ."

"ಮಾಡ್ಬೇಡಿ."

ಗರಾಜಲ್ಲಿ ಡಿಶ್‌ವಾಷರ್ ಬಂದಿದ್ದ ಬಾಕ್ಸ್ ಇತ್ತು. ಮನೆ ಶಿಫ್ಟ್ ಆದ್ರೆ ಬೇಕಾಗುತ್ತೆ ಅಂತ ಅಪ್ಪ ಅದನ್ನ ನನಗಿಂತ ಜೋಪಾನವಾಗಿ ಬೆಳೆಸಿದ್ರು. ಸ್ಕೂಲಿಂದ ಬಂದು, ತಿಂಡಿ ತಿಂದು, ಸಂಜೆ ಅದನ್ನ ಗಿಡದ ಮೇಲೆ ಬೋರಲು ಹಾಕ್ತಿದ್ದೆ. ಬೆಳಗ್ಗೆ ಬಸ್ಸಿಗೆ ಓಡೋ ಮುಂಚೆ ತೆಗೀತಿದ್ದೆ.

"ಆ ಬಾಕ್ಸ್ ಯಾಕೆ ಮುಟ್ಟಿದೆ?"

"ನಾವು ಶಿಫ್ಟ್ ಆಗ್ತಿದೀವಾ?"

"ಇಲ್ಲ."

"ಹಾಗಾದ್ರೆ ಗಿಡ ಇಟ್ಕೊಳ್ಳಲಿ."

ಗಿಡದ ಕಡೆ ನೋಡದೇ ದಿನಾ ಬೈದ್ರು. ದಿನಾ ಮುಚ್ಚಿದೆ.

ದೀಪಾವಳಿ ಬೆಳಗ್ಗೆ ಅಪ್ಪ ಗುದ್ದಲಿ ಹಿಡ್ಕೊಂಡೇ ಬಂದ್ರು. ನಾನು ಮದುಮಗಳ ಮುಸುಕು ತೆಗೆಯೋ ಥರ ನಿಧಾನಕ್ಕೆ ಬಾಕ್ಸ್ ಎತ್ತಿದೆ. ಪ್ರತಿ ಕುಡಿಯಲ್ಲೂ ಬಟಾಣಿಯಷ್ಟು ಹಸಿರು ಮೊಗ್ಗು.

ಅಪ್ಪ ಬಗ್ಗಿ ನೋಡಿದ್ರು. "ಹೂವೆಲ್ಲಿ?"

"ನೀವು ಕೇಳಿದ್ದು ಮೊಗ್ಗು."

ಹಿಂದಿನಿಂದ ಅಮ್ಮ, "ರೀ, ಲಕ್ಷ್ಮಿಗೆ ಈ ಸಲ ಅಂಗಡಿ ಹೂವೇ ಆಗ್ಲಿ. ಆ ಗುದ್ದಲಿ ಒಳಗಿಡಿ" ಅಂದ್ಲು.

ಹಬ್ಬ ಮುಗೀತು. ಅಪ್ಪ ಲೈಟ್ ಬಿಚ್ಚಿ ಸುತ್ತಿ, ಕೈ ಚಾಚಿದ್ರು. "ಇನ್ನಾದ್ರೂ ನನ್ನ ಬಾಕ್ಸ್ ಕೊಡು."

ಬೇಲಿ ಆಚೆ, ನಮ್ಮ ಗಿಡದ ನೇರಕ್ಕೇ, ಪಕ್ಕದ ಮನೆಯವರು ಏಣಿ ಹತ್ತಿ ಕ್ರಿಸ್ಮಸ್ ಲೈಟ್ ಕಟ್ತಾ ಇದ್ರು.

"ಅರಳೋವರೆಗೂ ಕೊಡಲ್ಲ" ಅಂದು, ಅಪ್ಪನ ಕಣ್ಣೆದುರಿಗೇ ಗಿಡಕ್ಕೆ ಬಾಕ್ಸ್ ಮುಚ್ಚಿದೆ.