ನಿಂಬೆಹಣ್ಣು ಕೊಯ್ದ ಕತ್ತಿ

ಉಜ್ಜನಪ್ಪನವರ ಗಡ್ಡದ ಬಗ್ಗೆ ಮನೆಯಲ್ಲಿ ಮೊದಲು ತಕರಾರು ಎತ್ತಿದ್ದು ಮೊಮ್ಮಗಳು. ಎತ್ತಿಕೊಂಡು ಮುದ್ದಿಡಲು ಹೋದರೆ ಕೂಸು ಮುಖ ಹಿಂದಕ್ಕೆಳೆದು, ಕೆನ್ನೆ ಉಜ್ಜಿಕೊಂಡು, ಇಡೀ ಓಣಿಗೆ ಕೇಳುವಂತೆ ಅತ್ತಿತು. "ಚುಚ್ಚತೈತೇನೋ ಪಾಪ" ಅಂದ ಅಜ್ಜ ಅದನ್ನು ಸೊಸೆ ನಯನಾಳ ಕೈಗೆ ದಾಟಿಸಿದರು. ಅಂದಿನಿಂದ ಎತ್ತಿಕೊಳ್ಳುವುದನ್ನೇ ಬಿಟ್ಟರು. ತೊಟ್ಟಿಲ ಪಕ್ಕ ಕೂತು ಒಂದು ಬೆರಳು ಮುಂದೆ ಮಾಡುವುದು, ಕೂಸು ಹಿಡಿದರೆ ಹಿಡಿಯಿತು, ಅಷ್ಟೇ.

ಹಿಂದೆ ಹೀಗಿರಲಿಲ್ಲ. ಚೌಕಿಪೇಟೆಯ ಬಟ್ಟೆ ಅಂಗಡಿಯಲ್ಲಿ ಉಜ್ಜನಪ್ಪ ನುಣ್ಣಗೆ ಗಡ್ಡ ಮಾಡಿಸಿ, ವಿಭೂತಿ ಹಚ್ಚಿ ಗಾದಿಯ ಮೇಲೆ ಕೂತರೆಂದರೆ ಆಗ ತಾನೇ ಬಿಚ್ಚಿದ ಹೊಸ ಥಾನಿನ ಹಾಗೆ ಕಾಣುತ್ತಿದ್ದರು. ವಾರಕ್ಕೆರಡು ಬೆಳಿಗ್ಗೆ ಮೈಲಾರಲಿಂಗಪ್ಪ ತನ್ನ ಚರ್ಮದ ಚೀಲ ಹಿಡಿದು ಆನೆಕೊಂಡದ ಈ ಮನೆಗೆ ಬರುತ್ತಿದ್ದ. ಜಗಲಿಯ ಮೇಲೆ ಕುರ್ಚಿ, ಹೆಗಲ ಮೇಲೆ ಟವೆಲ್ಲು, ಕಸ್ತೂರಮ್ಮ ಒಳಗಿನಿಂದ ತಂದಿಡುವ ಎರಡು ಲೋಟ ಕಾಫಿ. ಗಡ್ಡ ಬೇಗ ಮುಗಿಯುತ್ತಿತ್ತು, ಮಾತು ಮುಗಿಯುತ್ತಿರಲಿಲ್ಲ. ಭದ್ರಾ ನಾಲೆಗೆ ನೀರು ಬಿಟ್ಟರೋ ಇಲ್ಲವೋ, ಹತ್ತಿಯ ರೇಟು ಏನಾಯಿತು, ಯಾರ ಮಗಳು ಯಾವ ಊರಿಗೆ ಹೋದಳು, ಎಲ್ಲ ಆಗಬೇಕು.

ಆಮೇಲೆ ಉಜ್ಜನಪ್ಪನವರಿಗೆ ಲಕ್ವ ಹೊಡೆಯಿತು. ಜೀವಕ್ಕೇನೂ ಆಗಲಿಲ್ಲ, ಕೋಲು ಹಿಡಿದು ನಡೆದಾಡುತ್ತಾರೆ. ಆದರೆ ಬಲಗೆನ್ನೆ ಜೋತುಬಿತ್ತು, ಬಲಗೈ ನಡುಗತೊಡಗಿತು. ಅದೇ ಹೊತ್ತಿಗೆ ಮೈಲಾರಲಿಂಗಪ್ಪನ ಕಣ್ಣು ಮಂಜಾಗಿ, ಅವನು ಕತ್ತಿ ಮಡಚಿಟ್ಟು ಹರಿಹರದ ಮಗಳ ಮನೆ ಸೇರಿದ. ಮಗ ಕೊಟ್ಟೂರೇಶ್ ತನ್ನ ಮಶೀನಿನಲ್ಲಿ ಒಂದು ಸಲ ಗಡ್ಡ ತೆಗೆದ. ಉಜ್ಜನಪ್ಪನವರ ಕೆನ್ನೆಯ ಮೇಲೆ ಎರಡು ನರೂಲಿಗಳಿವೆ, ಅದರಲ್ಲೊಂದು ಮಶೀನಿಗೆ ಸಿಕ್ಕಿ ರಕ್ತ ಬಂತು. ಸಲೂನಿನವನೊಬ್ಬನನ್ನು ಮನೆಗೆ ಕರೆಸಿದರು. ಅವನು ಕಿವಿಯಲ್ಲಿ ಫೋನು ಸಿಕ್ಕಿಸಿಕೊಂಡು ಯಾರೊಂದಿಗೋ ಜಗಳವಾಡುತ್ತಲೇ ಬ್ಲೇಡು ಎಳೆದ. ಮತ್ತೆ ಅದೇ ನರೂಲಿ. "ನನಗ್ಯಾರೂ ಬ್ಯಾಡ" ಅಂದ ಉಜ್ಜನಪ್ಪ ಜಗಲಿಯ ಕುರ್ಚಿಯನ್ನು ಒಳಗೆ ಹಾಕಿಸಿದರು. ಅಂಗಡಿಗೂ ಹೋಗಲಿಲ್ಲ.

ನಯನಾಳಿಗೆ ಆ ಯೋಚನೆ ಬಂದದ್ದು ಸೀರೆಗೆ ಫಾಲ್ಸ್ ಹಚ್ಚುವಾಗ. ಜರಿಯಂಚಿನ ಪಕ್ಕದಲ್ಲೇ ದಾರ ಕತ್ತರಿಸಬೇಕು, ಜರಿಗೆ ತಾಗಕೂಡದು. ಕತ್ತರಿಯ ಬಾಯಿ ಕಣ್ಣಿಗೆ ಕಾಣುವುದರಿಂದಲ್ಲವೇ ತಾಗುವುದಿಲ್ಲ? ಮಶೀನಿನಲ್ಲಿ ಬ್ಲೇಡು ಅಡಗಿರುತ್ತದೆ, ನರೂಲಿ ಎಲ್ಲಿ ಸಿಕ್ಕಿತೆಂದು ತಿಳಿಯುವುದೇ ರಕ್ತ ಬಂದಮೇಲೆ. ಮೈಲಾರಲಿಂಗಪ್ಪನ ಕತ್ತಿಯಂಥದ್ದಾದರೆ ಅದರ ಬಾಯಿ ಪೂರ್ತಿ ಕಾಣುತ್ತದೆ. ಸುತ್ತು ಹಾಕಿ ಹೋಗಬಹುದು.

"ನಾನೇ ಕಲೀತೀನಿ" ಎಂದಳು ಗಂಡನಿಗೆ.

ಕೊಟ್ಟೂರೇಶ್ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. "ಯಾರ ಮ್ಯಾಲೆ ಕಲೀತೀಯ?"

"ನಿಮ್ಮ ಮ್ಯಾಲೆ."

"ಇನ್ಶೂರೆನ್ಸ್ ಮಾಡಿಸಿ ಬರ್ತೀನಿ, ತಡಿ."

ಕಸ್ತೂರಮ್ಮ ನಗಲಿಲ್ಲ. "ಕಲಿಯೋದು ದೊಡ್ಡದಲ್ಲವ್ವಾ. ನಿಮ್ಮ ಮಾವ ಮುಖ ಕೊಡಬೇಕಲ್ಲ."

ಮರುದಿನವೇ ನಯನಾ ಕೂಸನ್ನು ಅತ್ತೆಯ ಕೈಗೆ ಕೊಟ್ಟು ಪೇಟೆಗೆ ಹೋದಳು. ಕಟಿಂಗ್ ಶಾಪುಗಳಿಗೆ ಸಾಮಾನು ಮಾರುವ ಹಜೀರಾಬೀಯ ಅಂಗಡಿ ಎರಡು ಗೋಡೆಗಳ ನಡುವೆ ಸಿಕ್ಕಿಕೊಂಡ ಹಾಗಿತ್ತು. ಗಂಡ ತೀರಿಕೊಂಡ ಮೇಲೆ ಅವಳೇ ನಡೆಸುತ್ತಿದ್ದಾಳೆ. ಹೆಂಗಸು ಬಂದು ಗಡ್ಡದ ಕತ್ತಿ ಕೇಳಿದ್ದಕ್ಕೆ ಕನ್ನಡಕ ಮೇಲೇರಿಸಿ ನೋಡಿದಳು.

"ಉಸ್ತರಾನಾ? ಗಂಡನ ಮ್ಯಾಲೆ ಸಿಟ್ಟೇನು ಬೇಟಿ?"

"ಮಾವಾರಿಗೆ ಗಡ್ಡ ಮಾಡೋಕೆ, ಅಮ್ಮಾ. ಕೆನ್ನೆ ಜೋತುಬಿದ್ದೈತೆ, ನರೂಲಿ ಅದಾವೆ. ನನಗೆ ಹೊಸದು, ಏನೂ ಬರಂಗಿಲ್ಲ."

"ಹಂಗಂದ್ರೆ ಕೂತ್ಕೋ" ಎಂದ ಹಜೀರಾಬೀ ಮೂರು ಕತ್ತಿಗಳನ್ನು ಕೆಂಪು ಬಟ್ಟೆಯ ಮೇಲೆ ಹರವಿದಳು.

ನಯನಾಳ ಕಣ್ಣು ನೇರ ಹೋದದ್ದು ನಡುವಿನದಕ್ಕೆ. ಅಗಲವಾದ ಅಲಗು, ಅದರ ಮೇಲೆ ಬಂಗಾರದ ಬಣ್ಣದ ಬಳ್ಳಿ, ದಂತದಂಥ ಬಿಳಿ ಹಿಡಿಕೆ. ಸೆರಗು ನೋಡಿ ಸೀರೆ ಆರಿಸುವವಳ ಹಾಗೆ ಕೈಗೆತ್ತಿಕೊಂಡಳು.

"ತುದಿ ನೋಡು" ಎಂದಳು ಹಜೀರಾಬೀ. ತುದಿ ಮೂಲೆಮಟ್ಟದ ಹಾಗೆ ಚೂಪಾಗಿತ್ತು. "ಕೈ ಪಳಗಿದೋರು ಮೀಸೆ ಅಂಚು ತೀಡೋಕೆ ಇಟ್ಕೊಳ್ಳೋದು ಇದು. ನಿನ್ನ ಧ್ಯಾನ ಅಲಗಿನ ಬಾಯಿ ಮ್ಯಾಲೆ ಇರತೈತೆ, ಈ ಮೂಲೆ ಹೋಗಿ ಕಿವೀಗೆ ಚುಚ್ಚತೈತೆ. ಅಲಗೂ ಭಾರ."

ಎಡಗಡೆಯದು ಈಗ ಎಲ್ಲ ಶಾಪುಗಳಲ್ಲೂ ಇರುವಂಥದ್ದು, ಅರ್ಧ ಬ್ಲೇಡು ಸಿಕ್ಕಿಸಿ ಬಳಸಿ ಎಸೆಯುವುದು. ದಿನಾ ಹತ್ತಾರು ಜನ ಕೂರುವ ಕಡೆ ಅದೇ ಒಳ್ಳೆಯದು, ಒಬ್ಬರದು ಇನ್ನೊಬ್ಬರಿಗೆ ಹತ್ತುವುದಿಲ್ಲ. "ಆದ್ರೆ ಅದು ತೂಕ ಇಲ್ಲ ನೋಡು, ಹೊಸಬರು ಒತ್ತುತಾರೆ. ಒತ್ತಿದ್ರೆ ಆ ಬ್ಲೇಡು ಕ್ಷಮಿಸೋದಿಲ್ಲ. ನೀನು ಮಾಡೋದು ಒಬ್ಬರದೇ ಮುಖ. ನಿನಗೆ ಈ ಮೂರನೇದು ಸಾಕು."

ಮೂರನೆಯದು ಕಪ್ಪು ಹಿಡಿಕೆಯ ಸಾದಾ ಕತ್ತಿ. ಅಲಗು ಹೆಬ್ಬೆರಳಿನಷ್ಟೇ ಅಗಲ, ತುದಿ ಉಗುರಿನ ಹಾಗೆ ದುಂಡು. ತೀರಾ ತೆಳುವೂ ಅಲ್ಲ, ದಪ್ಪವೂ ಅಲ್ಲ. ಹಜೀರಾಬೀ ಅದನ್ನು ಗಾಜಿನ ಮೇಲೆ ಮಲಗಿಸಿ ಡೊಂಕಿಲ್ಲವೆಂದು ತೋರಿಸಿದಳು. ಅರ್ಧ ತೆರೆದು, ಅಲಗು ಹಿಡಿಕೆ ಸೇರುವ ಕಡೆ ನಯನಾಳ ಬೆರಳಿನ ಮೇಲಿಟ್ಟಳು. ಕತ್ತಿ ಅತ್ತಿತ್ತ ವಾಲದೆ ನಿಂತಿತು. ನಯನಾ ಬಳ್ಳಿಯ ಕತ್ತಿಯ ಕಡೆ ಇನ್ನೊಂದು ಸಲ ಆಸೆಯಿಂದ ನೋಡಿ, ಕಪ್ಪು ಹಿಡಿಕೆಯದನ್ನೇ ಕಟ್ಟಿಸಿಕೊಂಡಳು.

ಮನೆಗೆ ಹೊಸ ಕಬ್ಬಿಣ ಬಂದರೆ, ಅದು ಈಳಿಗೆಯೇ ಇರಲಿ, ಅಂಗಡಿಯ ಕತ್ತರಿಯೇ ಇರಲಿ, ಕಸ್ತೂರಮ್ಮ ಪೂಜೆ ಮಾಡದೆ ಮುಟ್ಟಗೊಡುವುದಿಲ್ಲ. ಸೊಸೆ ಕೂಸಿಗೆ ಹಾಲುಣಿಸುತ್ತ ಕಣ್ಣು ಮುಚ್ಚಿದ ಹೊತ್ತಿನಲ್ಲಿ ಅವರು ಕತ್ತಿಗೆ ವಿಭೂತಿ ಬಳಿದು, ಕುಂಕುಮ ಇಟ್ಟು, ಊದುಬತ್ತಿ ಬೆಳಗಿದರು. ಹೊಸ ಅಲಗು ಮೊದಲು ರಕ್ತ ಕೇಳಬಾರದು, ನಿಂಬೆಹಣ್ಣು ಕೇಳಬೇಕು. ಅದೇ ಕತ್ತಿಯಿಂದ ಒಂದು ನಿಂಬೆಹಣ್ಣು ಕೊಯ್ದು, ಹೋಳುಗಳನ್ನು ಅಲಗಿನ ಎರಡೂ ಬದಿಗೆ ಆನಿಸಿ, ದೇವರ ಮುಂದೆ ಇಟ್ಟರು. ಅಲಗು ರಾತ್ರಿಯೆಲ್ಲ ಹಾಗೇ ಇತ್ತು.

ಬೆಳಿಗ್ಗೆ ನಯನಾ ನೋಡಿದರೆ ನಿಂಬೆಯ ಹುಳಿಗೆ ಅಲಗಿನ ಮೇಲೆ ಕಪ್ಪು ಮೋಡದಂಥ ಕಲೆ. ಉಗುರಿನ ಮೇಲೆ ಮೆಲ್ಲಗೆ ಎಳೆದಳು. ಗರಗಸದ ಹಾಗೆ ತಡೆತಡೆದು ಬಂತು.

ಕಸ್ತೂರಮ್ಮ ಬಾಯಿಗೆ ಸೆರಗು ಹಿಡಿದರು. "ಈಳಿಗೆಗೆ ಏನೂ ಆಗಂಗಿಲ್ಲಲ್ಲೇ ಯವ್ವಾ!"

"ಈಳಿಗೇಲಿ ಯಾರೂ ಗಡ್ಡ ಮಾಡಂಗಿಲ್ಲ ಅತ್ತೆ" ಎಂದವಳಿಗೆ ಅಳು ಬರಬೇಕೋ ನಗು ಬರಬೇಕೋ ತಿಳಿಯಲಿಲ್ಲ. ಅತ್ತೆಯ ಮುಖ ನೋಡಿ ನಗುವನ್ನೇ ಆರಿಸಿದಳು. ಕತ್ತಿಯನ್ನು ಬಟ್ಟೆಯಲ್ಲಿ ಸುತ್ತಿ, ಕೂಸನ್ನು ಸೊಂಟಕ್ಕಿಟ್ಟುಕೊಂಡು, ಹರಿಹರದ ಬಸ್ಸು ಹತ್ತಿದಳು.

ಹರಿಹರದಲ್ಲಿ ದೇವಸ್ಥಾನದ ಹಿಂದಿನ ಓಣಿಯೊಂದರಲ್ಲಿ ಮೈಲಾರಲಿಂಗಪ್ಪ ಹೊರಗೆ ಬಿಸಿಲಿಗೆ ಕೂತು ಬಟಾಣಿ ಸುಲಿಯುತ್ತಿದ್ದ. ನಯನಾ ಮಾವನ ಹೆಸರು ಹೇಳಿದ್ದೇ ತಡ, ಎದ್ದು ನಿಂತುಬಿಟ್ಟ. "ಸಾವ್ಕಾರ್ರು ಹೆಂಗದಾರವ್ವಾ?" ಅವಳು ಎಲ್ಲ ಹೇಳಿದಳು. ನಿಂಬೆಹಣ್ಣಿನ ತನಕ ಬಂದಾಗ ಅವನು ಬಟಾಣಿಯ ಮೊರವನ್ನೇ ಅಲುಗಾಡಿಸುತ್ತ ನಕ್ಕ.

"ನಮ್ಮವ್ವನೂ ಹಿಂಗೇ ಮಾಡಿದ್ಲು! ನನ್ನ ಮೊದಲನೇ ಕತ್ತಿಗೆ! ನಮ್ಮಪ್ಪ ಆವತ್ತು ಊಟಾನೇ ಮಾಡಲಿಲ್ಲ."

ಆ ಮಾತು ಕೇಳಿ ನಯನಾಳಿಗೆ ಧೈರ್ಯ ಬಂತು. "ಅಜ್ಜಾರೆ, ನಿಮ್ಮ ಹಳೇ ಕತ್ತೀನೇ ಕೊಟ್ಟುಬಿಡ್ರಿ. ಮಾವಾರಿಗೆ ಅದು ರೂಢಿ ಐತೆ."

ಅವನು ಒಳಗೆ ಹೋಗಿ ಚೀಲದಿಂದ ತನ್ನದನ್ನು ತಂದು ಅವಳದರ ಪಕ್ಕ ಹಿಡಿದ. ಮಸೆದು ಮಸೆದು ಅಲಗು ಸವೆದು ಕಿರುಬೆರಳಷ್ಟಾಗಿತ್ತು. "ಇದು ನನ್ನ ಕೈಗೇ ಪಳಗಿದ್ದು. ನಿನ್ನ ಮಾತು ಕೇಳಂಗಿಲ್ಲ. ನೀನು ತಂದಿದ್ದು ಸರಿ ಐತೆ, ದುಂಡು ತುದಿ." ಹೆಬ್ಬೆರಳನ್ನು ಅಲಗಿನ ಬದಿಯಲ್ಲಿ ಆಡಿಸಿದ. "ಕಲೆ ಹೋಗಂಗಿಲ್ಲ. ಬಾಯಿ ಮತ್ತೆ ಹರಿತ ಆಗತೈತೆ."

ಕಲ್ಲಿಗೆ ನೀರು ಹನಿಸಿ, ಕಣ್ಣು ಮುಚ್ಚಿಕೊಂಡೇ ಮಸೆಯತೊಡಗಿದ. ಮೊದಲು ಕರಕರ ಎನ್ನುತ್ತಿದ್ದ ಸದ್ದು ಬರಬರುತ್ತ ನುಣುಪಾಗಿ, ಕೊನೆಗೆ ರೇಷ್ಮೆ ಎಳೆದ ಹಾಗಾಯಿತು. ಆಮೇಲೆ ತೊಗಲಿನ ಪಟ್ಟಿಯನ್ನು ಕಿಟಕಿಯ ಸರಳಿಗೆ ಸಿಕ್ಕಿಸಿ, ಕತ್ತಿಯನ್ನು ಅದರ ಮೇಲೆ ಅವಳ ಕೈಯಲ್ಲೇ ಎಳೆಸಿದ. ಬೆನ್ನು ಮುಂದೆ, ಬಾಯಿ ಹಿಂದೆ. ಗಡ್ಡ ತೆಗೆಯುವಾಗ ಅಲಗಿನ ಬೆನ್ನು ಕೆನ್ನೆಯಿಂದ ಎಷ್ಟು ಎತ್ತಬೇಕು, ಜೋತುಬಿದ್ದ ಚರ್ಮವನ್ನು ಇನ್ನೊಂದು ಕೈಯಿಂದ ಹೇಗೆ ಬಿಗಿಹಿಡಿಯಬೇಕು, ಕೂದಲು ಮಲಗಿದ ಕಡೆಗೇ ಏಕೆ ಹೋಗಬೇಕು, ಎಲ್ಲವನ್ನೂ ತನ್ನ ಕೆನ್ನೆಯ ಮೇಲೆ ಕತ್ತಿಯ ಬದಲು ಚಮಚ ಹಿಡಿಸಿ ತೋರಿಸಿದ. "ಮನೆಗೆ ಹೋಗಿ ಎಳೇ ಬೂದುಗುಂಬಳಕಾಯಿ ತಗೋ. ಮೈತುಂಬ ರೋಮ ಇರತೈತೆ. ಸಿಪ್ಪೆಗೆ ಗೀರು ಬೀಳದಂಗೆ ರೋಮ ತೆಗಿ. ಆಮ್ಯಾಲೆ ಮನುಷ್ಯರು."

ಆ ವಾರ ಮನೆಯಲ್ಲಿ ಬೂದುಗುಂಬಳದ್ದೇ ಪಲ್ಯ, ಬೂದುಗುಂಬಳದ್ದೇ ಸಾರು. ಮೊದಲ ಕಾಯಿ ಬೆಕ್ಕಿನ ಕೈಗೆ ಸಿಕ್ಕ ಹಾಗಾಗಿತ್ತು. ಕೊನೆಯದು ನುಣ್ಣಗೆ, ಗೀರಿಲ್ಲದೆ ಬಂತು. "ಇದಕ್ಕೆ ಪೌಡರ್ ಹಚ್ಚಿ ಅಂಗಡಿಗೆ ಕಳಿಸೋಣ" ಎಂದ ಕೊಟ್ಟೂರೇಶ್. ಅವನ ಸರದಿ ಬಂದಾಗ ಮಾತ್ರ ಕುರ್ಚಿಯ ಕೈ ಎರಡನ್ನೂ ಬಿಗಿಯಾಗಿ ಹಿಡಿದು ಕೂತ. ಒಂದು ಸಣ್ಣ ಗೀರಿನಲ್ಲಿ ಪಾರಾದ.

ಆದರೆ ಉಜ್ಜನಪ್ಪ ಒಪ್ಪಲಿಲ್ಲ.

"ಬ್ಯಾಡವ್ವಾ" ಎಂದರು ಗೋಡೆ ನೋಡುತ್ತ. "ಬಾಯಿ ಸೊಟ್ಟಾಗೈತೆ. ಈ ಕಡೆಯಿಂದ ಜೊಲ್ಲು ಸೋರತೈತೆ, ನನಗೇ ತಿಳಿಯಂಗಿಲ್ಲ. ಮೈಲಾರಿ ನೋಡಿದ್ರೆ ಬ್ಯಾರೆ. ಸೊಸೆ ಅಷ್ಟು ಹತ್ರದಿಂದ ನೋಡೋದು ಬ್ಯಾರೆ."

ಕೂಸಿನ ಜೊಲ್ಲು ದಿನಾ ಒರೆಸ್ತೀನಲ್ಲ ಮಾವ ಎಂಬ ಮಾತು ನಯನಾಳ ನಾಲಿಗೆಯ ತುದಿಗೆ ಬಂದಿತ್ತು. ಕೂಸಿಗೆ ಹೋಲಿಸಿದರೆ ಈ ಮುಖ ಇನ್ನಷ್ಟು ಗೋಡೆಯ ಕಡೆ ತಿರುಗುತ್ತದೆ ಅನ್ನಿಸಿ ನುಂಗಿದಳು. "ಆತು ಬಿಡ್ರಿ" ಎಂದು ಕತ್ತಿಗೆ ಕೊಬ್ಬರಿ ಎಣ್ಣೆ ಸವರಿ ಮಡಚಿಟ್ಟಳು. ಅಡಿಗೆಮನೆಗೆ ಬಂದು ಗಂಡನಿಗೆ ಒಂದೇ ಮಾತು ಹೇಳಿದಳು. "ಭಾನುವಾರ ಹರಿಹರಕ್ಕೆ ಹೋಗಿ ಮೈಲಾರಲಿಂಗಪ್ಪಜ್ಜನ್ನ ಕರ್ಕೊಂಡು ಬರ್ರಿ."

ಭಾನುವಾರ ಕೊಟ್ಟೂರೇಶನ ಸ್ಕೂಟರಿನಿಂದ ಮೈಲಾರಲಿಂಗಪ್ಪ ಇಳಿದಾಗ ಉಜ್ಜನಪ್ಪ ಕೋಲೂ ಹಿಡಿಯದೆ ಬಾಗಿಲಿಗೆ ಬಂದರು. "ಯಾಕಲೇ ಮೈಲಾರಿ, ಸತ್ತೀನೇನು ಅಂತ ನೋಡೋಕೆ ಬಂದ್ಯೇನು?"

"ನೋಡೋಕೆ ಎಲ್ಲಿ ಆಗತೈತೆ ಸಾವ್ಕಾರ್ರೆ, ಕೇಳೋಕೆ ಬಂದೆ."

ಜಗಲಿಗೆ ಕುರ್ಚಿ ಮತ್ತೆ ಬಂತು. ಪಕ್ಕದಲ್ಲಿ ಇನ್ನೊಂದು. ಕಸ್ತೂರಮ್ಮ ಎರಡು ಲೋಟ ಇಟ್ಟರು. ಸ್ವಲ್ಪ ಹೊತ್ತು ನಂದಿಗುಡಿ ಊರ ಕಡೆಯ ಗದ್ದೆಗಳ ಮಾತು ನಡೆಯಿತು. ಆಮೇಲೆ ಮೈಲಾರಲಿಂಗಪ್ಪ ಕೈ ಚಾಚಿ ಹಳೆಯ ರೂಢಿಯಂತೆ ಉಜ್ಜನಪ್ಪನವರ ಗದ್ದ ಹಿಡಿದ.

"ಇದೇನು ಸಾವ್ಕಾರ್ರೆ, ಜಾಲಿ ಬೆಳೆಸೀರಲ್ಲ!"

"ತೆಗಿಯೋಕೆ ನೀನಿಲ್ಲಲ್ಲೋ."

"ನಾನಿದೀನಿ. ಕಣ್ಣಿಲ್ಲ ಅಷ್ಟೇ. ಕಣ್ಣು ಇವಳದು, ಕಿವಿ ನಂದು. ನಿಮ್ಮ ಸೊಟ್ಟ ಬಾಯಿ ನನಗೆ ಕಾಣಂಗಿಲ್ಲ. ಇವಳಿಗೆ ಅದನ್ನ ನೋಡೋಕೆ ಪುರುಸೊತ್ತಿರಂಗಿಲ್ಲ, ಇವಳು ನೋಡೋದು ಬರೀ ಕೂದಲು. ನಯನಮ್ಮಾ, ನೀರು ತಾರವ್ವಾ."

ಉಜ್ಜನಪ್ಪ ಏನೋ ಹೇಳಲು ಬಾಯಿ ತೆರೆದರು. ಮೈಲಾರಲಿಂಗಪ್ಪ ಬಿಡಲಿಲ್ಲ, ಸಾರಥಿ ಎಂಬ ಊರಿನ ತನ್ನ ನೆಂಟರ ಮನೆಯ ಜಗಳವೊಂದನ್ನು ಶುರುಮಾಡಿದ. ಬಿಸಿ ಟವೆಲ್ಲು ಮುಖದ ಮೇಲೆ ಬಂತು. ನೊರೆ ಬಂತು. "ಯಾರು ಮೊದಲು ಕೈಯೆತ್ತಿದ್ದು?" ಎಂದು ಉಜ್ಜನಪ್ಪ ಕೇಳುವಷ್ಟರಲ್ಲಿ ಕಪ್ಪು ಕಲೆಬಿದ್ದ ಆ ಅಲಗು ಕೆನ್ನೆಗಿಳಿದಿತ್ತು.

ನಯನಾ ಬಲಗೆನ್ನೆಯನ್ನು ಮೇಲಕ್ಕೆ ಬಿಗಿದಳು. ಸರ್ ಸರ್ ಎಂದು ಕೂದಲು ನೊರೆಯೊಂದಿಗೆ ಬಂತು.

"ಅಲಗಿನ ಬೆನ್ನು ಸ್ವಲ್ಪ ಮಲಗಿಸು" ಎಂದ ಮೈಲಾರಲಿಂಗಪ್ಪ ಕತೆಯ ನಡುವೆಯೇ. "ಹಾಂ. ಈಗ ಬಂತು ದನಿ."

ನರೂಲಿಯ ಹತ್ತಿರ ಅವಳು ನಿಂತಳು. ಜರಿಯಂಚಿನ ದಾರ ನೆನಪಾಯಿತು. ದುಂಡು ತುದಿಯಿಂದ ಸುತ್ತ ಒಂದು ಪುಟ್ಟ ಅರ್ಧ ಸುತ್ತು, ಮತ್ತೆ ಇನ್ನೊಂದು. ರಕ್ತ ಬರಲಿಲ್ಲ. ಬಾಯಿಯ ಮೂಲೆಯಲ್ಲಿ ಸೋರಿದ್ದನ್ನು ನೊರೆಯೊಂದಿಗೇ ಟವೆಲ್ಲಿನಿಂದ ಒರೆಸಿದಳು, ಅದೂ ಗಡ್ಡದ್ದೇ ಕೆಲಸ ಅನ್ನುವ ಹಾಗೆ. ಉಜ್ಜನಪ್ಪನವರ ಹೆಗಲು ಆಗ ಟವೆಲ್ಲಿನ ಕೆಳಗೆ ಸಡಿಲವಾದದ್ದು ಅವಳ ಮೊಣಕೈಗೆ ತಿಳಿಯಿತು.

ಮುಗಿದಾಗ ಕಿವಿಯ ಕೆಳಗೆ ಒಂದು ಎಳೆಯಷ್ಟು ಕೂದಲು ಉಳಿದಿತ್ತು. "ಅದು ಇರಲಿ, ಮುಂದಿನ ಸಲಕ್ಕೆ" ಎಂದ ಮೈಲಾರಲಿಂಗಪ್ಪ ಬೆರಳಾಡಿಸಿ.

ಕಸ್ತೂರಮ್ಮ ಕೂಸನ್ನು ತಂದು ಅಜ್ಜನ ತೊಡೆಯ ಮೇಲೆ ಕೂರಿಸಿದರು. ಕೂಸು ಆ ನುಣ್ಣನೆಯ ಮುಖವನ್ನು ದಿಟ್ಟಿಸಿತು. ಕೆಳತುಟಿ ಮುಂದೆ ಬಂತು. ಯಾರೋ ಹೊಸಬರು ಎತ್ತಿಕೊಂಡಿದ್ದಾರೆಂದು ಗಂಟಲು ಹರಿಯುವ ಹಾಗೆ ಅತ್ತಿತು.

"ಈಗೇನು ಮಾಡೋದಲೇ ಮೈಲಾರಿ?"

"ಮಾತಾಡಿಸ್ರಿ. ನಾನೂ ನಿಮ್ಮನ್ನ ದನಿಯಿಂದಲೇ ಗುರುತು ಹಿಡಿಯೋದು."

"ಏನವ್ವಾ ನನ್ನ ತಾಯಿ, ಅಜ್ಜನ ಗುರುತು ಸಿಗಲಿಲ್ಲೇನು?"

ಅಳು ತಟ್ಟನೆ ನಿಂತಿತು. ಕೂಸು ಕೈಯೆತ್ತಿ ಕೆನ್ನೆ ತಡವಿ, ಚುಚ್ಚುವುದನ್ನು ಹುಡುಕಿತು. ಸಿಗಲಿಲ್ಲ. ಮತ್ತೆ ತಡವಿತು. ಕೊನೆಗೆ ತನ್ನ ಒದ್ದೆ ಬಾಯಿಯನ್ನೇ ಅಲ್ಲಿಗೆ ಒತ್ತಿತು. ಉಜ್ಜನಪ್ಪ ಒರೆಸಿಕೊಳ್ಳಲಿಲ್ಲ.

ಕುರ್ಚಿ ಮತ್ತೆ ಒಳಗೆ ಹೋಗಲಿಲ್ಲ. ಬುಧವಾರ ಬೆಳಿಗ್ಗೆ ನಯನಾ ದೋಸೆಗೆ ಹಿಟ್ಟು ಕಲಸುತ್ತಿದ್ದಳು. ಜಗಲಿಯಿಂದ ಕೂಗು ಬಂತು. "ನಯನಾ, ನೀರು ಕಾಯ್ದವೇನವ್ವಾ? ಅಂಗಡಿಗೆ ಹೊತ್ತಾತು."

ಇಣುಕಿ ನೋಡಿದರೆ ಮಾವ ಟವೆಲ್ಲನ್ನು ತಾವೇ ಹೆಗಲಿಗೆ ಹಾಕಿಕೊಂಡು ಕೂತಿದ್ದರು. ಅದು ತಿರುವುಮುರುವಾಗಿತ್ತು. ಅವಳು ಕೈ ತೊಳೆದು, ಕತ್ತಿ ಹುಡುಕಿದಳು. ಅದರ ಹಿಡಿಕೆಗೆ ಯಾರೋ ಆಗಲೇ ವಿಭೂತಿ ಹಚ್ಚಿದ್ದರು.

"ಅತ್ತೆ!"

"ವಿಭೂತಿ ಅಷ್ಟೇ ಕಣೆ" ಎಂದರು ಕಸ್ತೂರಮ್ಮ ಒಲೆಯ ಮುಂದಿನಿಂದ. "ನಿಂಬೆಹಣ್ಣು ಉಪ್ಪಿನಕಾಯಿಗೆ ಹಾಕೀನಿ."