ಮೆಂತ್ಯೆ ಕ್ರೇಟಿನ ಸಾಕ್ಷಿ

ದೇವದುರ್ಗದ ಕಡೆಯಿಂದ ಬಂದ ಮಾನಮ್ಮನಿಗೆ ಐವತ್ತರ ಹತ್ತಿರ ವಯಸ್ಸು. ಗರುಡಾಚಾರ್‌ಪಾಳ್ಯದ ಗೋದಾಮಿನಲ್ಲಿ ಸೊಪ್ಪು ಆರಿಸಿ ಕ್ರೇಟಿಗೆ ತುಂಬುವುದು ಅವಳ ಕೆಲಸ. ಆ ಬೆಳಿಗ್ಗೆ ಅವಳು ವ್ಯಾನು ಹತ್ತಿದ್ದು ಮಾತ್ರ ಸಾಕ್ಷಿಯಾಗಿ.

ಇಂದಿರಾನಗರದ ಮಳಿಗೆಯಿಂದ ಮೆಂತ್ಯೆ ಸೊಪ್ಪು ಎರಡು ಸಲ ಕೊಳೆತು ವಾಪಸು ಬಂದಿತ್ತು. ಡ್ರೈವರ್ ಹುಲಿಗೆಪ್ಪ ದಾರಿಯಲ್ಲಿ ಕಾಲ ಕಳೆಯುತ್ತಾನೆಂದು ಸೂಪರ್‌ವೈಸರ್ ಯಾಸಿರ್‌ಗೆ ಅನುಮಾನ.

“ಎಲ್ಲೆಲ್ಲಿ ನಿಲ್ಸ್ತಾನೆ ನೋಡ್ಕೊಂಡ್ ಬನ್ನಿ. ಇನ್ನೊಂದ್ಸಲ ಲೇಟ್ ಅಂತ ರಿಟರ್ನ್ ಬಂದ್ರೆ ಅವನ ವ್ಯಾನ್ ಕ್ಯಾನ್ಸಲ್,” ಎಂದಿದ್ದ.

“ಬಾ ಅಕ್ಕಾ, ಮುಂದೆ ಕೂಡು,” ಎಂದ ಹುಲಿಗೆಪ್ಪ. “ಸಿಸಿ ಕ್ಯಾಮ್ರಾಕ್ಕೆ ಹಿಂದೆ ಸೀಟಿಲ್ಲ.”

ಅವನು ಚಹಾಕ್ಕೂ ಇಳಿಯಲಿಲ್ಲ. ಟಿನ್ ಫ್ಯಾಕ್ಟರಿ ಬಳಿ ಟ್ರಾಫಿಕ್ಕಿನಲ್ಲಿ ಮುಕ್ಕಾಲು ಗಂಟೆ ಚಕ್ರ ಉರುಳಲಿಲ್ಲ.

“ಇದನ್ನೂ ಹೇಳು. ನಾ ನಿಲ್ಸಿಲ್ಲ, ಊರೇ ನಿಲ್ಸೇತಿ.”

ಸೊಪ್ಪು ಹೇಗಿದೆ ನೋಡೋಣವೆಂದು ಮಾನಮ್ಮ ಅಲ್ಲೇ ಹಿಂದಿನ ಬಾಗಿಲು ತೆಗೆಸಿ ಒಂದು ಕ್ರೇಟಿನ ಪ್ಲಾಸ್ಟಿಕ್ ಹಾಳೆ ಎತ್ತಿದಳು. ಮೇಲಿನ ಕಟ್ಟುಗಳು ಹಸಿರಾಗಿದ್ದವು. ತಳಕ್ಕೆ ಕೈ ಹಾಕಿದರೆ ಬಿಸಿ. ಬೆರಳಿಗೆ ಲೋಳೆ ಅಂಟಿತು. ಅಡಿಯಲ್ಲಿ ನೀರು ನಿಂತಿತ್ತು.

ಶಿವಾಜಿನಗರದ ಬೀದಿಯಲ್ಲಿ ಹನ್ನೊಂದು ವರ್ಷ ಬುಟ್ಟಿ ಇಟ್ಟು ಸೊಪ್ಪು ಮಾರಿದವಳು ಅವಳು. ಗಳಿಗೆಗೊಮ್ಮೆ ನೀರು ಚಿಮುಕಿಸದಿದ್ದರೆ ಅಲ್ಲಿ ಸೊಪ್ಪು ಬಾಡುತ್ತಿತ್ತು. ಗೋದಾಮಿಗೆ ಬಂದ ಮೇಲೂ ಕ್ರೇಟು ಮುಚ್ಚುವ ಮುನ್ನ ಎರಡು ಚೊಂಬು ನೀರು ಹಾಕುತ್ತಿದ್ದಳು. ಹಾಕೆಂದು ಯಾರೂ ಹೇಳಿರಲಿಲ್ಲ, ಬೇಡವೆಂದೂ ಹೇಳಿರಲಿಲ್ಲ. ಬುಟ್ಟಿಗೆ ಗಾಳಿಯಿತ್ತು. ಈ ಮುಚ್ಚಿದ ಕ್ರೇಟಿಗೆ ಇರಲಿಲ್ಲ.

“ಏನಾತು?” ಹುಲಿಗೆಪ್ಪ ಕೇಳಿದ.

“ಏನಿಲ್ಲ,” ಎಂದು ಕೈಯನ್ನು ಸೆರಗಿಗೆ ಒರೆಸಿಕೊಂಡಳು.

ಮಳಿಗೆಯಲ್ಲಿ ಮಾಲು ಇಳಿಸಿಕೊಳ್ಳುವ ಆಶಾರಾಣಿ ನೇರ ಕ್ರೇಟಿನ ತಳಕ್ಕೇ ಕೈ ಹಾಕಿದಳು.

“ಮತ್ತೆ ಅದೇ ಕತೆ! ರಿಟರ್ನ್. ಕಾರಣ, ವ್ಯಾನ್ ಲೇಟ್.” ಅವಳ ಬೆರಳು ಟ್ಯಾಬಿನ ಮೇಲೆ ಹೋಯಿತು. ಹುಲಿಗೆಪ್ಪ ಕೀಲಿಕೈ ಹಿಡಿದು ಪಕ್ಕದಲ್ಲೇ ನಿಂತಿದ್ದ.

“ಹಂಗ ಬರೀಬ್ಯಾಡ್ರಿ,” ಎಂದಳು ಮಾನಮ್ಮ. “ನೀರು ಹಾಕಿದಾಕಿ ನಾನು.”

“ಯಾರ್ರೀ ಹೇಳಿದ್ದು ಹಾಕೋಕೆ?”

“ಯಾರೂ ಇಲ್ರಿ. ರೂಢಿ.”

ಆಶಾರಾಣಿ ಅವಳನ್ನೊಮ್ಮೆ ನೋಡಿ, ‘ಲೇಟ್’ ಅಳಿಸಿ ‘ಪ್ಯಾಕಿಂಗ್’ ಎಂದು ಒತ್ತಿದಳು.

ವಾಪಸು ಬರುವಾಗ ಟಿನ್ ಫ್ಯಾಕ್ಟರಿ ದಾಟಲು ಬಿಡದ ಸಿಗ್ನಲ್‌ನಲ್ಲಿ ಹುಲಿಗೆಪ್ಪ ಬಾಯಿ ತೆರೆದ. “ಅಕ್ಕಾ, ಆಗ ಏನಿಲ್ಲ ಅಂದಿ.”

“ಅಂಜಿಕಿ ಆಗಿತ್ತು.”

“ಈಗ?”

“ಈಗೂ ಐತಿ,” ಎಂದು ಅವಳು ರಿಂಗಾಗುತ್ತಿದ್ದ ಫೋನು ಎತ್ತಿದಳು. ಟ್ಯಾಬಿನ ‘ಪ್ಯಾಕಿಂಗ್’ ಯಾಸಿರ್‌ಗೆ ಆಗಲೇ ತಲುಪಿತ್ತು.

“ನಾಳೆಯಿಂದ ಸೊಪ್ಪು ಮುಟ್ಬೇಡಿ, ಈರುಳ್ಳಿ ಮೂಟೆ ಕಡೆ ಹೋಗಿ,” ಎಂದ ಯಾಸಿರ್. “ಹುಲಿಗೆಪ್ಪಂಗೆ ಹೇಳಿ, ನಾಳೆ ಅವನ ವ್ಯಾನಿಗೆ ಬೆಳಿಗ್ಗೆ ಆರಕ್ಕೇ ಲೋಡಿಂಗ್ ಅಂತ.”