ಪಾಲಿನ ಕುರಿಯ ಕಿವಿ

ದೊಡ್ಡಪ್ಪನ ಬಲಗಿವಿಯ ಮೇಲ್ತುದಿಯಲ್ಲಿ ಹುಣಸೆಬೀಜದಷ್ಟು ತುಂಡು ಇರಲಿಲ್ಲ. ಚಿಕ್ಕಂದಿನಲ್ಲಿ ನಾಯಿ ಕಚ್ಚಿದ್ದು. ಯಾರಾದರೂ ಕೇಳಿದರೆ, "ನಮ್ಮಪ್ಪ ಕುರಿ ಗುರುತು ಮಾಡ್ವಾಗ ನನ್ನೂ ಸೇರಿಸ್ಬುಟ್ಟ" ಅನ್ನುತ್ತಿದ್ದರು. ಬಲಗಿವಿ ಎಂದು ಬರೆದೆ. ಗೋಡೆಯ ಮೇಲಿನ ಫೋಟೋದಲ್ಲಿ ಅದು ಎಡಗಿವಿ. ಫೋಟೋವನ್ನೇ ನಂಬಬೇಕು. ಆದರೂ ಕಣ್ಣು ಮುಚ್ಚಿದರೆ ಬಲಗಡೆಯೇ ಕಾಣುತ್ತದೆ.

ಅವರ ಬಲಪಂಥದ ಮಾತಿನಿಂದ ಹಾಗಾಗಿರಬಹುದು. ಬಿಟ್ಟಿ ಅಕ್ಕಿ, ಬಿಟ್ಟಿ ಬಸ್ಸಿನಿಂದ ಬಡತನ ಹೋಗುವುದಿಲ್ಲ, ಸರ್ಕಾರ ಪಕ್ಕಕ್ಕೆ ಸರಿದು ಜನರನ್ನು ದುಡಿಯಲು ಬಿಡಬೇಕು ಎಂಬುದು ದೊಡ್ಡಪ್ಪನ ವಾದ. ಅವರ ತಮ್ಮ, ನನ್ನ ಚಿಕ್ಕಪ್ಪ, ಬಿಡದಿಯ ಕಾರ್ಖಾನೆಯೊಂದರಲ್ಲಿ ಯೂನಿಯನ್ ಕಟ್ಟಿದವರು. ಭೂಮಿ, ಕುರಿ ಎಲ್ಲ ಇದ್ದವರ ಕೈಯಲ್ಲೇ ಇರುವಾಗ ಇಲ್ಲದವರು ಎಷ್ಟು ದುಡಿದರೂ ಅಷ್ಟೇ, ಅವರಿಗೆ ಕೊಡುವುದು ಭಿಕ್ಷೆಯಲ್ಲ, ಹಕ್ಕು ಎಂಬುದು ಚಿಕ್ಕಪ್ಪನ ವಾದ. ಜಗಲಿಯ ಮೇಲೆ ಸಂಜೆಯೆಲ್ಲ ಇದೇ ಜಗಳ. ಅರ್ಥಶಾಸ್ತ್ರ ಓದಿದ ನನ್ನನ್ನು ಕೇಳಿದರೆ, ಇಬ್ಬರದೂ ಒಂದು ಮಟ್ಟಿಗೆ ಸರಿ ಅನ್ನುತ್ತಿದ್ದೆ. "ನಿನ್ನ ಓದ್ಸಿದ್ದು ದಂಡ ಕಣ್ಲಾ" ಎನ್ನುವುದರಲ್ಲಿ ಮಾತ್ರ ಇಬ್ಬರಿಗೂ ಒಮ್ಮತ.

ದೊಡ್ಡಪ್ಪ ಕುರಿಗಳನ್ನು ಪಾಲಿಗೆ ಕೊಡುತ್ತಿದ್ದರು. ಕುರಿ ಅವರದು, ಸಾಕುವುದು ಇನ್ನೊಬ್ಬರು, ಹುಟ್ಟಿದ ಮರಿಗಳಲ್ಲಿ ಇಬ್ಬರಿಗೂ ಸಮಪಾಲು. ತಮ್ಮ ಕುರಿಗಳ ಕಿವಿಯಂಚಿಗೆ ಕತ್ತರಿಯಿಂದ ಕಚ್ಚು ಹಾಕಿ ಗುರುತು ಮಾಡುತ್ತಿದ್ದರು. ಪಾಲಿನ ಕುರಿ ಸತ್ತರೆ ಆ ಕಿವಿಯನ್ನು ತಂದು ತೋರಿಸಬೇಕು. ತೋರಿಸದಿದ್ದರೆ ಮಾರಿಕೊಂಡಂತೆ ಲೆಕ್ಕ, ಬದಲಿ ಕುರಿ ಕೊಡಬೇಕು.

ಎದುರು ಮನೆಯ ಅಕ್ಕನ ಗಂಡ ಕನಕಪುರದ ಕಡೆ ಕಲ್ಲುಕ್ವಾರಿಯಲ್ಲಿ ಸತ್ತಿದ್ದ. ಅಕ್ಕ ಒಂದು ಪಾಲಿನ ಕುರಿ ಸಾಕಿ, ತನ್ನ ಪಾಲಿಗೆ ಒಂದು ಹೆಣ್ಣುಮರಿ ಪಡೆದಿದ್ದಳು. ಅವಳದೆಂದು ಇದ್ದದ್ದು ಆ ಮರಿ ಮಾತ್ರ. ಒಂದು ಬೆಳಿಗ್ಗೆ ಬಂದು, ಪಾಲಿನ ಕುರಿ ರೋಗ ತಗುಲಿ ಸತ್ತಿತೆಂದಳು.

"ಕಿವಿ ಎಲ್ಲವ್ವ?"

"ಮುಟ್ಬ್ಯಾಡಿ ಅಂತ ಡಾಕ್ಟ್ರು ನಿಂತ್ಕಂಡು ಹೂಳ್ಸಿದ್ರು ಮಾವ."

"ಹಂಗಾದ್ರೆ ಆ ಮರಿ ನಂದು. ಇವತ್ತು ನಿಂಗೆ ಬುಟ್ರೆ ನಾಳೆ ಎಲ್ಲಾರ ಕುರೀನೂ ಹೂತೋಯ್ತದೆ."

ಚಿಕ್ಕಪ್ಪ ಸಿಡಿದರು. "ಕೂತಲ್ಲೇ ಅರ್ಧ ಮರಿ ತಿನ್ನೋನು ನೀನು! ಮರಿ ಅವ್ಳ ಹಕ್ಕು."

ಅಕ್ಕ ಅವರತ್ತ ತಿರುಗಿದಳು. "ಹಕ್ಕು ಅಂತೀರಲ್ಲ, ಒಂದಿನ ಮೇಯ್ಸಕ್ಕೆ ಬಂದಿದ್ರಾ?" ಮತ್ತೆ ದೊಡ್ಡಪ್ಪನತ್ತ, "ದುಡೀರಿ ಅಂತೀರಲ್ಲ, ದುಡ್ದಿದ್ದೇ ಆ ಮರಿ ಕಣ್ ಮಾವ. ಇನ್ನೇನ್ ಮಾಡ್ಲಿ, ಹೂತಿದ್ದನ್ನ ಅಗೀಲಾ?"



ದೊಡ್ಡಪ್ಪ ಎದ್ದು ಸೂರಿನಿಂದ ಕತ್ತರಿ ಎಳೆದುಕೊಂಡು ಅವಳ ಅಂಗಳಕ್ಕೆ ಹೋದರು. ಮರಿಯನ್ನು ಮೊಣಕಾಲ ಸಂದಿಗೆ ಸಿಕ್ಕಿಸಿ, ಕಿವಿಯನ್ನು ಬೆರಳಲ್ಲಿ ಒಸಿ ಹೊತ್ತು ಸವರಿದರು. ಆಮೇಲೆ ಬಿಟ್ಟುಬಿಟ್ಟರು.

"ಕತ್ರಿ ಮೊಂಡು. ನಾಳೆ ನೋಡನ."

"ಅಣ್ಣ ನಮ್ ಕಡೆ ಬಂದ್ಬುಟ್ಟ" ಎಂದು ಚಿಕ್ಕಪ್ಪ ನಕ್ಕರು.

"ಮನ್ನಾ ಅಲ್ಲ ಕಣ್ಲಾ ಇದು, ವಾಯ್ದೆ" ಎಂದರು ದೊಡ್ಡಪ್ಪ. ನಕ್ಕರೋ ಇಲ್ಲವೋ ನೆನಪಿಲ್ಲ. ನೆನಪಿದೆ ಎಂದು ಬರೆದರೆ ಸುಳ್ಳಾದೀತು. ಆ ನಾಳೆಯಂತೂ ಬರಲಿಲ್ಲ. ಜಗಲಿಯ ಜಗಳ ಮಾತ್ರ ಹಿಂದಿನಂತೆಯೇ ನಡೆಯಿತು.

ಹೋದ ವರ್ಷ ದೊಡ್ಡಪ್ಪ ತೀರಿಕೊಂಡರು. ತಿಥಿ ಮುಗಿದ ಮೇಲೆ ಅಕ್ಕ ಒಂದು ಹೆಣ್ಣುಮರಿಯನ್ನು ಎತ್ತಿಕೊಂಡು ಬಂದಳು. ಆ ಹಳೆಯ ಮರಿಯ ಮೊಮ್ಮಗಳಂತೆ. ಈಗ ಅವಳದೇ ಒಂದು ಸಣ್ಣ ಮಂದೆಯಿದೆ.

"ಮಾವನ ವಾಯ್ದೆ ಉಳ್ದೋಗಿತ್ತು" ಎಂದಳು ಚಿಕ್ಕಪ್ಪನಿಗೆ. "ಗುರುತು ಆಕ್ಕೊಳಿ."

ಚಿಕ್ಕಪ್ಪ ಸೂರಿನಲ್ಲಿ ತಡಕಿ ಕತ್ತರಿ ತೆಗೆದರು. ಹೆಗಲ ಟವೆಲ್ಲಿನ ಅಂಚಿಗೆ ಹಿಡಿದು ನೋಡಿದರು. ಬಟ್ಟೆ ಸರ್ರನೆ ಕತ್ತರಿಸಿಹೋಯಿತು. ಈಚೆಗೆ ಯಾರಾದರೂ ಸಾಣೆ ಹಿಡಿಸಿದ್ದರೋ, ಮೊದಲಿಂದ ಹಾಗೇ ಇತ್ತೋ, ತಿಳಿಯುವ ದಾರಿಯಿಲ್ಲ. ಚಿಕ್ಕಪ್ಪ ಟವೆಲ್ಲನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು, ಮರಿಯ ಕಿವಿ ಸವರಿದರು.

"ಮೊಂಡು ಕಣವ್ವ" ಎಂದರು. "ನಾಳೆ ನೋಡನ."